ನಿಲ್ಲಿಸುವ ಕೈ

ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ನಾವು ಯಾರನ್ನು ನಂಬಿರುತ್ತೇವೆ? ನಮ್ಮೂರು ಚಚಡಿಯಲ್ಲಿ ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಿತ್ತು. ಹಾಲು ಯಾರ ಮನೆಯ ಎಮ್ಮೆಯದು, ನೀರು ಬೆರೆಸುವವರು ಯಾರು ಎಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು. ಹಾಲು ಒಡೆದರೆ ಹೋಗಿ ಕೇಳಲು ಒಂದು ಬಾಗಿಲಿತ್ತು. ಪ್ಯಾಕೆಟ್ಟಿಗೆ ಅಂಥ ಬಾಗಿಲಿಲ್ಲ. ಅದರ ಹಿಂದೆ ಇರುವುದು ಯಂತ್ರಗಳ ಒಂದು ಸಾಲು.

ತತ್ತ್ವಜ್ಞೆ ಆನೆಟ್ ಬೇಯರ್ 1986ರ ಪ್ರಬಂಧವೊಂದರಲ್ಲಿ ನಂಬುವುದಕ್ಕೂ ನೆಚ್ಚಿಕೊಳ್ಳುವುದಕ್ಕೂ ಇರುವ ಅಂತರವನ್ನು ಗುರುತಿಸಿದರು. ನೆಚ್ಚಿದ್ದು ಕೈಕೊಟ್ಟರೆ ನಿರಾಸೆಯಾಗುತ್ತದೆ. ನಂಬಿದವರು ಕೈಕೊಟ್ಟರೆ ದ್ರೋಹವಾಗುತ್ತದೆ. ಹಾಗಾದರೆ ಯಂತ್ರ ಕೆಟ್ಟಾಗ ಆಗುವುದು ನಿರಾಸೆ ಮಾತ್ರವೇ? ಸೋರಿದ ಪ್ಯಾಕೆಟ್ಟಿನ ಹಾಲು ಕುಡಿದ ಮಗುವಿಗೆ ಹೊಟ್ಟೆ ಕೆಟ್ಟರೆ ತಾಯಿಗೆ ಬರುವ ಸಿಟ್ಟು ಯಂತ್ರದ ಮೇಲಿನದಲ್ಲ. 'ಯಾರೂ ನೋಡಲಿಲ್ಲವೇ?' ಎಂದೇ ಆಕೆ ಕೇಳುತ್ತಾಳೆ. ಆ ಪ್ರಶ್ನೆ ಸರಿಯಾದದ್ದು ಎಂದು ನನಗನಿಸುತ್ತದೆ.

ಪ್ಯಾಕಿಂಗ್ ಯಂತ್ರದ ಕೆಲಸ ಕೇಳಲು ಸರಳ. ಸುರುಳಿಯಿಂದ ಬಿಚ್ಚಿದ ಪ್ಲಾಸ್ಟಿಕ್ ಹಾಳೆಯನ್ನು ಕೊಳವೆಯಾಗಿಸಿ, ಉದ್ದಕ್ಕೆ ಬೆಸೆದು, ಅಳತೆಯ ಹಾಲು ತುಂಬಿ, ಬಿಸಿ ಪಟ್ಟಿಯಿಂದ ಅಡ್ಡಕ್ಕೆ ಬೆಸೆದು ಕತ್ತರಿಸುವುದು. ಪಟ್ಟಿಯ ಬಿಸಿ ಕೊಂಚ ಇಳಿದರೆ ಬೆಸುಗೆ ಸಡಿಲ. ಏರಿದರೆ ಹಾಳೆಯೇ ಸುಟ್ಟು ತೂತು. 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ, ತಣಿಸಿ, ಅಷ್ಟು ಜತನ ಮಾಡಿದ ಹಾಲು ಕೂದಲೆಳೆಯಷ್ಟು ಬಿರುಕಿನಿಂದ ಕೆಡುತ್ತದೆ. 2024ರ ಜೂನ್‌ನಲ್ಲಿ ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ 550 ಮಿಲಿಲೀಟರ್ ಆಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ 500ಕ್ಕೆ ಇಳಿಯಿತು. ಆಗ ನಮ್ಮಲ್ಲಿ ಎಷ್ಟು ಜನ ಅಳೆದು ನೋಡಿದೆವು? ಮೇಲೆ ಅಚ್ಚಾದ ಅಂಕಿಯನ್ನು ಒಪ್ಪಿಕೊಂಡು ಚಹಾಕ್ಕಿಟ್ಟೆವು, ಅಷ್ಟೆ.

ಇಂಥ ಸಾಲಿನಲ್ಲಿ ತಪ್ಪು ಯಾರದೆಂದು ಹೇಳುವುದು ಕಷ್ಟ; ಅದಕ್ಕೊಂದು ಲೆಕ್ಕವಿದೆ. ಒಂದರ ಹಿಂದೊಂದು ಆರು ಯಂತ್ರಗಳು, ಪ್ರತಿಯೊಂದೂ ನೂರಕ್ಕೆ 95ರಷ್ಟು ಹೊತ್ತು ಸರಿಯಾಗಿ ನಡೆಯುತ್ತದೆ ಎನ್ನೋಣ. ಬಿಡಿಬಿಡಿಯಾಗಿ ನೋಡಿದರೆ ಒಳ್ಳೆಯ ಅಂಕವೇ. ಆದರೆ ಒಂದು ನಿಂತರೆ ಎಲ್ಲವೂ ನಿಲ್ಲುವುದರಿಂದ ಇವನ್ನು ಗುಣಿಸಬೇಕು. ಆಗ ಇಡೀ ಸಾಲು ನಡೆಯುವುದು ನೂರಕ್ಕೆ ಸುಮಾರು 73ರಷ್ಟು ಹೊತ್ತು ಮಾತ್ರ. ಪ್ರತಿಯೊಬ್ಬರೂ 'ನನ್ನದು ಬಹುತೇಕ ಸರಿ ಇದೆ' ಎನ್ನುವಾಗಲೇ ಕಾಲು ಭಾಗ ಕಳೆದುಹೋಗಿರುತ್ತದೆ. ಮನೆತನಗಳು, ಸಂಘಗಳು, ಸರ್ಕಾರಗಳು ಕೆಡುವುದೂ ಹೀಗೆಯೇ ಅಲ್ಲವೇ?

ಹಾಗಾದರೆ ನೆಚ್ಚಬಹುದಾದ ಯಂತ್ರ ಯಾವುದು? ಎಂದೂ ನಿಲ್ಲದ್ದು ಎಂದು ಥಟ್ಟನೆ ಹೇಳುತ್ತೇವೆ. ರಾಮದುರ್ಗದ ಕಡೆಯ ನೇಕಾರರನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಎಳೆ ಹರಿದರೂ ಓಡುವ ಮಗ್ಗ ಬಟ್ಟೆಯನ್ನೇ ಹಾಳುಮಾಡುತ್ತದೆ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ತಿಗೊಳಿಸಿದ ಮಗ್ಗ ಎಳೆ ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಮುಂದೆ ಟೊಯೋಟಾ ಕಾರ್ಖಾನೆಯಲ್ಲಿ ಈ ವಿಚಾರ ಮನುಷ್ಯರಿಗೂ ಬಂತು: ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದು. ಕೆಟ್ಟದ್ದನ್ನು ಮುಂದಕ್ಕೆ ದಾಟಿಸದಿರುವುದೇ ಇಲ್ಲಿ ನೆಚ್ಚಿಕೆಯ ಅರ್ಥ.

ಆದರೆ ಹಗ್ಗ ಕಟ್ಟುವುದು ಸುಲಭ, ಎಳೆಯುವ ಧೈರ್ಯ ಕೊಡುವುದು ಕಷ್ಟ. ಪಾಳಿಗೆ ಇಷ್ಟು ಪ್ಯಾಕೆಟ್ ಎಂಬ ಗುರಿಯಿದ್ದು, ನಿಂತ ಪ್ರತಿ ನಿಮಿಷಕ್ಕೂ ಕಾರಣ ಕೇಳಿ ಬೈಯುವ ಮೇಲ್ವಿಚಾರಕನಿದ್ದರೆ, ಗುತ್ತಿಗೆಯ ಹುಡುಗ ಏನು ಮಾಡಿಯಾನು? ಎರಡು ನಿಮಿಷದ ನಿಲುಗಡೆಯನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಸವೆದ ಪಟ್ಟಿಯನ್ನು ಮುಂದಿನ ಪಾಳಿಯವರಿಗೆ ಬಿಡುತ್ತಾನೆ. ಸುಧಾರಣೆಗೆಂದು ತಂದ ಅಂಕಿಯೇ ಸುಳ್ಳಿಗೆ ದಾರಿಯಾಗುತ್ತದೆ. ಪುಸ್ತಕದಲ್ಲಿಲ್ಲದ ಕೆಡುಕನ್ನು ಯಾವ ಇಂಜಿನಿಯರೂ ರಿಪೇರಿ ಮಾಡಲಾರ.

ಇದಕ್ಕೆ ಎದುರು ಮಾತೂ ಇದೆ, ಅದು ಹಗುರವಾದದ್ದಲ್ಲ. ಹಾಲು ಕಾಯುವುದಿಲ್ಲ. ಸಾಲು ನಿಂತರೆ ಹಿಂದೆ ಟ್ಯಾಂಕರು, ಅದರ ಹಿಂದೆ ಹಳ್ಳಿಯ ಡೇರಿಯಲ್ಲಿ ಕ್ಯಾನು ಹಿಡಿದ ರೈತ. ಸಣ್ಣ ಅನುಮಾನಕ್ಕೆಲ್ಲ ನಿಲ್ಲಿಸುವುದೂ ಅನ್ಯಾಯವೇ. ಪದೇಪದೇ ಬಿಚ್ಚಿ ಜೋಡಿಸುವುದರಿಂದಲೂ ಯಂತ್ರ ಕೆಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳನ್ನು ಅಭ್ಯಸಿಸಿದ ಜೀವವಿಜ್ಞಾನಿ ವಾಡಿಂಗ್ಟನ್, ನಿಗದಿತ ತಪಾಸಣೆ ಮುಗಿದ ಬೆನ್ನಿಗೇ ರಿಪೇರಿಗಳು ಹೆಚ್ಚುವುದನ್ನು ಗಮನಿಸಿದ್ದರು. ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂಬ ವಿವೇಕ ನಿಯಮದ ಪಟ್ಟಿಯಿಂದ ಪೂರ್ತಿ ಬರುವುದಿಲ್ಲ. ದಿನವೂ ಆ ಯಂತ್ರದ ಸಪ್ಪಳ ಕೇಳುವವನಲ್ಲಿ ಅದು ಬೆಳೆಯುತ್ತದೆ. ಆದರೆ ಅವನ ಮಾತಿಗೆ ಬೆಲೆಯಿದ್ದರೆ ಮಾತ್ರ ಬೆಳೆಯುತ್ತದೆ.

ಆದ್ದರಿಂದ ಯಂತ್ರದ ನೆಚ್ಚಿಕೆಯನ್ನು ಹೆಚ್ಚಿಸುವುದು ಬರಿಯ ಎಣ್ಣೆ, ಬೇರಿಂಗುಗಳ ವಿಷಯವಲ್ಲ. ಯಾರಿಗೆ ನಿಜ ಹೇಳುವ ಹಕ್ಕಿದೆ ಎಂಬ ವಿಷಯವೂ ಹೌದು. ನಿಲ್ಲಿಸಿದವನಿಗೆ ಶಿಕ್ಷೆಯಾಗುವ ಕಡೆ ಸೋರಿದ ಪ್ಯಾಕೆಟ್ಟಿನ ಹೊಣೆ ಅವನದಲ್ಲ. ಅವನು ನಿಲ್ಲಿಸದಂತೆ ಮಾಡಿದವರದು. ಹಳೆಯ ಓಣಿಯ ಆ ಬಾಗಿಲು ಇಂದು ಸಿಗದಿರಬಹುದು. ಅದರ ಬದಲಿಗೆ, ನಾವೆಂದೂ ಕಾಣದ ಒಬ್ಬ ಕೆಲಸಗಾರ ರಾತ್ರಿ ಪಾಳಿಯಲ್ಲಿ 'ಇದು ಸರಿಯಿಲ್ಲ' ಎಂದು ಗುಂಡಿ ಒತ್ತಿಯೂ ಮರುದಿನ ಅದೇ ಕೆಲಸಕ್ಕೆ ಬರುವಂತಿರಬೇಕು. ಬೆಳಗಿನ ಹಾಲಿನಲ್ಲಿ ನಾವು ನಂಬುವುದು ಅವನನ್ನೇ.