ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ?

ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ? ಈ ಗಾದೆಯನ್ನು ನಾವು ಹೆಚ್ಚಾಗಿ ಬಳಸುವುದು ಬೈಯುವುದಕ್ಕೆ. ವರ್ಷವಿಡೀ ಟ್ಯೂಷನ್‌ಗೆ ಹೋದ ಹುಡುಗ ಗಣಿತದಲ್ಲಿ 35 ದಾಟಲಿಲ್ಲವೆಂದರೆ ಮನೆಯ ಹಿರಿಯರ ಬಾಯಿಗೆ ಮೊದಲು ಬರುವುದು ಇದೇ. ಹೇಳಿಕೊಟ್ಟದ್ದು ನಿಲ್ಲುವುದಿಲ್ಲ, ಸ್ವಂತ ಬುದ್ಧಿ ಇರಬೇಕು ಎಂದು ಅರ್ಥ ಹೇಳಿ, ತಲೆಗೊಂದು ಮೊಟಕಿದರೆ ವಿಚಾರಣೆ ಮುಗಿಯಿತು.

ಗಾದೆ ಅಷ್ಟು ಒರಟಲ್ಲ. ಬುತ್ತಿ ಕಟ್ಟಬೇಡಿ ಎಂದು ಅದು ಎಲ್ಲಿ ಹೇಳಿದೆ? ದೂರದ ದಾರಿ ಹಿಡಿದವನಿಗೆ ಬುತ್ತಿ ಬೇಕೇ ಬೇಕು. ಅದು ಕೇಳುತ್ತಿರುವುದು ಲೆಕ್ಕ: ಎಷ್ಟು ದಿನ? ಈ ಲೆಕ್ಕವನ್ನು 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ರೋಡಿಗರ್ ಮತ್ತು ಕಾರ್ಪಿಕಿ, ನಿಜವಾಗಿಯೂ ಹಾಕಿ ನೋಡಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಓದಿ, ಮತ್ತೆ ಅದನ್ನೇ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಹಾಳೆ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದವರದೇ ಮೇಲುಗೈ. ವಾರ ಕಳೆದು ಪರೀಕ್ಷಿಸಿದರೆ ಫಲಿತಾಂಶ ತಿರುಗಿತ್ತು. ಮುಚ್ಚಿಟ್ಟು ಬರೆದವರಲ್ಲೇ ಹೆಚ್ಚು ಉಳಿದಿತ್ತು. ಟ್ಯೂಷನ್ ಮುಗಿಸಿ ಹೊರಬರುವಾಗ 'ಎಲ್ಲಾ ಅರ್ಥ ಆಯ್ತು' ಎನ್ನಿಸುತ್ತದಲ್ಲ, ಅದು ಆ ಐದು ನಿಮಿಷದ ಗೆಲುವು.

ಈ ಗಾದೆಗೆ ನಾನು ಕಂಡ ಒಳ್ಳೆಯ ವ್ಯಾಖ್ಯಾನ ಯಾವ ಪುಸ್ತಕದ್ದೂ ಅಲ್ಲ, ನಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರದ್ದು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ನಾರಾಯಣಪ್ಪನೆಂಬ ಬಳೆಗಾರನಿದ್ದ. ಮುಂದೆ ಯೋಗಿ ನಾರೇಯಣ, ಜನರ ಬಾಯಲ್ಲಿ ಕೈವಾರ ತಾತಯ್ಯ ಆದವನು ಇವನೇ. ಅವನಿಗೆ ಪರದೇಶಿ ಸ್ವಾಮಿ ಎಂಬ ಗುರು ಸಿಕ್ಕಿದ ಕಥೆಯನ್ನು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗುರು ಮಂತ್ರೋಪದೇಶ ಮಾಡಿ, ಬಾಯಿಗೊಂದು ಬೆಣಚುಕಲ್ಲು ಹಾಕಿ, ಅದು ಕಲ್ಲುಸಕ್ಕರೆಯಾಗುವ ತನಕ ಜಪ ಮಾಡು ಎಂದನಂತೆ. ಶಿಷ್ಯ ಗುಹೆ ಸೇರಿ ವರ್ಷಗಟ್ಟಲೆ ಕೂತ; ಕಲ್ಲು ಸಕ್ಕರೆಯಾಯಿತು.

ಪವಾಡವನ್ನು ನಂಬುವವರು ನಂಬಲಿ. ನನ್ನ ಕಣ್ಣಿಗೆ ಬೀಳುವುದು ಕಾಲದ ಹಂಚಿಕೆ. ಉಪದೇಶಕ್ಕೆ ಹಿಡಿದದ್ದು ಕೆಲವು ಗಳಿಗೆ, ಸಾಧನೆಗೆ ಹಿಡಿದದ್ದು ವರ್ಷಗಳು. ಗುರು ಕೊಟ್ಟದ್ದು ಸಕ್ಕರೆಯನ್ನಲ್ಲ, ಕಲ್ಲನ್ನು. ಇಂದಿನ ಟ್ಯೂಷನ್‌ನಲ್ಲಿ ಈ ಹಂಚಿಕೆ ತಲೆಕೆಳಗಾಗಿದೆ. ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಮೇಷ್ಟರು ಬೋರ್ಡಿನ ಮೇಲೆ ಬಿಡಿಸುತ್ತಾರೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಸಾಧನೆಗೆ ಹತ್ತು ನಿಮಿಷವೂ ಉಳಿಯುವುದಿಲ್ಲ. ನೋಟ್‌ಬುಕ್ ಎಷ್ಟು ತುಂಬಿತು ಎಂಬುದೇ ಅಪ್ಪ ಅಮ್ಮನ ಅಳತೆ. ಅವರನ್ನು ದೂರುವಂತಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ರೇಟು, ಚಿಂತಾಮಣಿಯ ಟೊಮೆಟೊ ರೇಟು ನೋಡಿಕೊಂಡು ಫೀಸು ಹೊಂದಿಸುವ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ದುಡ್ಡಿಗೆ ತಕ್ಕದ್ದು ಕಣ್ಣಿಗೆ ಕಾಣಬೇಕು ಎಂದು ಅವರಿಗೆ ಅನ್ನಿಸಿದರೆ ತಪ್ಪೇನು?

ಹಾಗಾದರೆ ಹುಡುಗ ಏನು ಮಾಡಬೇಕು? ಹತ್ತನೇ ತರಗತಿಯ ಲೆಕ್ಕವೊಂದನ್ನೇ ನೋಡೋಣ. ಒಂದು ವಾಹನ 240 ಕಿಲೋಮೀಟರ್ ಹೋಗಬೇಕು. ಗಂಟೆಗೆ 20 ಕಿಲೋಮೀಟರ್ ಹೆಚ್ಚು ವೇಗದಲ್ಲಿ ಹೋಗಿದ್ದರೆ ಒಂದು ಗಂಟೆ ಉಳಿಯುತ್ತಿತ್ತು. ವೇಗವೆಷ್ಟು? ಒಬ್ಬಳು ಬಂದು 'ಈ ಲೆಕ್ಕ ಬರಲ್ಲ ಸಾರ್' ಎನ್ನುತ್ತಾಳೆ. ಮೇಷ್ಟರು ಮೊದಲಿಂದ ಕೊನೆಯವರೆಗೆ ಬಿಡಿಸಿ ತೋರಿಸುತ್ತಾರೆ. ಬೇರೆ ದಾರಿಯಿಲ್ಲ, ಯಾಕೆಂದರೆ ಅವಳು ಎಲ್ಲಿ ನಿಂತಿದ್ದಾಳೆ ಎನ್ನುವುದು ಅವರಿಗೆ ಗೊತ್ತಿಲ್ಲ. ಇನ್ನೊಬ್ಬಳು ಹಿಂದಿನ ರಾತ್ರಿಯೇ ಕೂತು ಗುದ್ದಾಡಿದ್ದಾಳೆ. 'ವೇಗ ಎಕ್ಸ್ ಅಂತ ಇಟ್ಟುಕೊಂಡೆ ಸಾರ್. ಒಂದು ಸಮಯ 240 ಭಾಗಿಸು ಎಕ್ಸ್, ಇನ್ನೊಂದು 240 ಭಾಗಿಸು ಎಕ್ಸ್ ಪ್ಲಸ್ 20. ಯಾವುದರಲ್ಲಿ ಯಾವುದನ್ನು ಕಳೆಯಬೇಕು ಗೊತ್ತಾಗಲಿಲ್ಲ.' ಇವಳಿಗೆ ಪೂರ್ತಿ ಲೆಕ್ಕ ಬೇಡ. 'ನಿಧಾನ ಹೋದರೆ ಹೊತ್ತು ಜಾಸ್ತಿ ಹಿಡಿಯುತ್ತೋ ಕಡಿಮೆಯೋ?' ಎಂದು ಕೇಳಿದರೆ ಸಾಕು, ಉಳಿದದ್ದನ್ನು ಅವಳೇ ಎಳೆದುಕೊಂಡು ಹೋಗಿ 60 ಎಂಬ ಉತ್ತರಕ್ಕೆ ಮುಟ್ಟುತ್ತಾಳೆ. 60ರಲ್ಲಿ ನಾಲ್ಕು ಗಂಟೆ, 80ರಲ್ಲಿ ಮೂರು, ತಾಳೆ ಸರಿಹೋಯಿತು. ಮರುದಿನ ಬೆಳಿಗ್ಗೆ ಅದೇ ಲೆಕ್ಕವನ್ನು ನೋಟ್ಸ್ ನೋಡದೆ ಖಾಲಿ ಹಾಳೆಯಲ್ಲಿ ಮತ್ತೊಮ್ಮೆ ಮಾಡಿದರಂತೂ ಅದು ಅವಳದಾಯಿತು.

ಎಲ್ಲಿ ಸಿಕ್ಕಿಕೊಂಡೆ ಎಂದು ಬೊಟ್ಟು ಮಾಡಿ ತೋರಿಸಲು ಮಾತು ಬೇಕು. ನಮ್ಮ ಕಡೆಯ ತೊಡಕು ಇರುವುದು ಇಲ್ಲೇ. ಎಷ್ಟೋ ಮಕ್ಕಳ ಮನೆಮಾತು ತೆಲುಗು, ಶಾಲೆಯದು ಕನ್ನಡ, ಮುಂದೆ ಪಿಯುಸಿ ವಿಜ್ಞಾನಕ್ಕೆ ಇಂಗ್ಲಿಷ್. ಗೊತ್ತಿಲ್ಲದ ವಿಷಯವನ್ನು ಸರಿಯಾಗಿ ಬಾರದ ಭಾಷೆಯಲ್ಲಿ ಕೇಳು ಎಂದರೆ ಮಗು ಸುಮ್ಮನೆ ತಲೆಯಾಡಿಸುತ್ತದೆ. ಬಾಯಿಗೆ ಯಾವುದು ಬರುತ್ತದೋ ಅದರಲ್ಲೇ ಕೇಳಲಿ. ತಾತಯ್ಯನೇ ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದ ಊರಿದು. ಬಿಡಿಸಿ ಹೇಳಲು ನಾಚಿಕೆಯಾದರೆ, ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು. ಪ್ರಶ್ನೆ ಕೇಳಿದರೆ ರೇಗುವ ಮೇಷ್ಟರಾದರೆ ಮೇಷ್ಟರನ್ನೇ ಬದಲಾಯಿಸಿ ಎನ್ನುವುದು ನನ್ನ ಅಭಿಪ್ರಾಯ, ಅವರ ರಿಸಲ್ಟ್ ಎಷ್ಟೇ ಚೆನ್ನಾಗಿದ್ದರೂ ಸರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಪವಾಡಪುರುಷರನ್ನೂ ಪರೀಕ್ಷೆಗೆ ಕರೆದರು. ಅಂಥವರ ಜಿಲ್ಲೆಯಲ್ಲಿ ಟ್ಯೂಷನ್ ಮೇಷ್ಟರಿಗೆ ಒಂದು 'ಯಾಕೆ' ಹಾಕಲು ಹೆದರುವುದೆಂದರೇನು!

ಇನ್ನೊಂದು ದಾರಿಯೂ ಇದೆ: ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡೇ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಚಿಂತಾಮಣಿಯನ್ನು ಹೆಸರಿನ ಮೊದಲಲ್ಲೇ ಹೊತ್ತ ಸಿ.ಎನ್.ಆರ್. ರಾವ್ ತರಗತಿಗೇ ಕಿರಿಯ ಹುಡುಗನಾಗಿದ್ದರೂ ಸಹಪಾಠಿಗಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಅಷ್ಟು ದೂರ ಹೋಗುವುದು ಬೇಡ, ಮನೆಯಲ್ಲಿ ಎಂಟನೇ ತರಗತಿಯ ತಂಗಿಯಿದ್ದರೆ ಸಾಕು. ಆ 240 ಕಿಲೋಮೀಟರಿನ ಲೆಕ್ಕವನ್ನು ಅವಳಿಗೆ ಹೇಳಿ ನೋಡಿ. ಸಮೀಕರಣ ಬಿಡಿಸಿ ಮುಗಿಸುವಷ್ಟರಲ್ಲಿ ಅವಳು ಕೇಳುತ್ತಾಳೆ: 'ಎರಡು ಉತ್ತರ ಬಂತಲ್ಲ, 60 ಮತ್ತೆ ಮೈನಸ್ 80. ಮೈನಸ್ 80 ಯಾಕೆ ಹೊಡೆದುಹಾಕಿದೆ?' ಥಟ್ಟನೆ ಉತ್ತರ ಹೊಳೆಯದಿದ್ದರೆ ಚೀಟಿಯಲ್ಲಿ ಬರೆದುಕೊಳ್ಳಿ, ನಾಳೆ ಮೇಷ್ಟರ ಮುಂದೆ ಇಡುವ ಮೊದಲ ಪ್ರಶ್ನೆ ಅದು.