ಸಂತೆಯಲ್ಲಿ ನಿದ್ದೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವು ಬಹು ಸುಲಭವಾಗಿ ಆಡಿಬಿಡುತ್ತೇವೆ. ಆದರೆ ಸಂತೆಯಲ್ಲಿ ನಿದ್ದೆಹೋಗಬಲ್ಲವನು ಯಾರು? ಮಾರುವುದಕ್ಕೆ ಸರಕಾಗಲಿ ಕೊಳ್ಳುವುದಕ್ಕೆ ಅಗತ್ಯವಾಗಲಿ ಇಲ್ಲದವನು. ನಾಲ್ಕು ತೆಂಗಿನಕಾಯಿ ಮುಂದಿಟ್ಟುಕೊಂಡು ಕುಳಿತ ಮುದುಕಿ ಅಲ್ಲಿ ಕಣ್ಣುಮುಚ್ಚಿದರೆ ಅದನ್ನು ಯಾರೂ ವೈರಾಗ್ಯವೆನ್ನುವುದಿಲ್ಲ.

ಹಿರೀಸಾವೆಯಲ್ಲಿ ನನಗೆ ಪರಿಚಯದ ದರ್ಜಿಯೊಬ್ಬರಿದ್ದಾರೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಒಂದು ಕಾಲು ಸೊರಗಿದೆ. ಇನ್ನೊಂದು ಕಾಲಿನಿಂದಲೇ ಹೊಲಿಗೆಯಂತ್ರ ತುಳಿಯುತ್ತಾರೆ. ಹೊಲಿಗೆಯ ಸಂಪಾದನೆ ಹಬ್ಬದಿಂದ ಹಬ್ಬಕ್ಕೆ ಏರಿಳಿಯುವಂಥದು. ಸರ್ಕಾರದ ಅಂಗವಿಕಲ ಮಾಸಾಶನ ಸಣ್ಣದು, ಒಮ್ಮೊಮ್ಮೆ ತಡವೂ ಆಗುತ್ತದೆ; ಆದರೂ ಅಂಗಡಿಯವನು ಸಾಲಕ್ಕೆ ಅಕ್ಕಿ ಅಳೆಯುವುದು ಅದನ್ನು ನಂಬಿಯೇ. “ಎಲ್ಲಾರ್ದೂ ಮತ್ತೆ ಪರೀಕ್ಷೆ ಮಾಡ್ತಾರಂತೆ ಸಾರ್, ಕೆಲವರ್ದು ನಿಲ್ಲಿಸ್ತಾರಂತೆ. ದುಡ್ಡು ಹೋದ್ರೆ ಹೋಗ್ಲಿ, ಹಾಸನಕ್ಕೆ ಹೋಗಿ ಇನ್ನೊಂದ್ಸಲ ಕಾಲು ತೋರಿಸ್ಬೇಕಲ್ಲ” ಎಂದು ಅವರು ಒಂದು ದಿನ ಹೇಳಿದರು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು, “ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೆಯೆ, ಬಿಡಯ್ಯ” ಎಂದು ಸಮಾಧಾನ ಮಾಡಿದರು. ಆ ಹಿರಿಯರಿಗೆ ನಿವೃತ್ತಿವೇತನ ತಿಂಗಳಿಗೆ ಸರಿಯಾಗಿ ಬರುತ್ತದೆ. ನನ್ನ ಸಂಬಳವೂ ಹಾಗೆಯೇ. ಆದ್ದರಿಂದ ನಾನು ಅವರನ್ನು ಹೆಚ್ಚು ನಗುವಂತಿಲ್ಲ.

ದರ್ಜಿಯ ಮಾತಿನಲ್ಲಿ ಎರಡು ಸಲ ಬಂದ ಆ ‘ಅಂತೆ’ಯನ್ನು ಗಮನಿಸಿ. ಹೇಳಿದವನಾರೆಂದು ಹೇಳದೆಯೇ ಸುದ್ದಿ ಮುಟ್ಟಿಸುವ ಉಪಾಯ ನಮ್ಮ ಭಾಷೆಯಲ್ಲಿದೆ. ಹೇಳಿದವನು ಕಣ್ಣೆದುರಿಗಿದ್ದರೆ ಪ್ರಶ್ನೆ ಕೇಳಬಹುದು, ‘ಅಂತೆ’ಯನ್ನು ಕೇಳುವುದೆಂತು? ಬಡವನ ಚಿಂತೆಯಲ್ಲಿ ಅರ್ಧಪಾಲು ಈ ‘ಅಂತೆ’ಯದೇ.

ಹಾಗೆಂದು ಅವರ ಭಯ ಬರಿಯ ಭ್ರಮೆಯಲ್ಲ. ನಮ್ಮ ಸಂವಿಧಾನದ 41ನೆಯ ವಿಧಿ ನಿರುದ್ಯೋಗ, ಮುಪ್ಪು, ರೋಗ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ನೆರವಿನ ಮಾತನ್ನಾಡುತ್ತದೆ. ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತನ್ನೂ ಜೊತೆಗಿಟ್ಟಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಇವರ ನೆರವು ಇತರರ ಅಂಥದೇ ನೆರವಿಗಿಂತ ಕನಿಷ್ಠ ಶೇಕಡ 25ರಷ್ಟು ಹೆಚ್ಚಿರಬೇಕೆಂದು ವಿಧಿಸಿತು. ಅಲ್ಲಿಯೂ ಅದೇ ಮಿತಿಯ ಮಾತು ಬಂದಿದೆ. ಕಾಯಿದೆಯ ಲೆಕ್ಕಕ್ಕೆ ಶೇಕಡ 40ರ ವೈಕಲ್ಯ ಸಾಕು. ಕೇಂದ್ರದ ಇಂದಿರಾಗಾಂಧಿ ಮಾಸಾಶನಕ್ಕೆ ಶೇಕಡ 80 ಬೇಕು. 2023ರ ಏಪ್ರಿಲ್‌ನಿಂದ ಕೇಂದ್ರದ ಹಲವು ಯೋಜನೆಗಳಿಗೆ ವಿಶಿಷ್ಟ ಗುರುತಿನ ಚೀಟಿ ಕಡ್ಡಾಯವಾಯಿತು. ಕಾಲು ಅದೇ, ಅಳೆಯುವ ಕೋಲು ಬದಲಾಗುತ್ತಿರುತ್ತದೆ.

ಇದು ಬಡದೇಶದ ಸಂಕಟವೆಂದೂ ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಸರ್ಕಾರ 2025ರ ಮಾರ್ಚಿನಲ್ಲಿ ಅಂಗವಿಕಲರ ಭತ್ಯೆಯ ಅರ್ಹತೆಯನ್ನು ಬಿಗಿಮಾಡುವುದಾಗಿ ಸಾರಿತು. ಆಳುವ ಪಕ್ಷದ ಸದಸ್ಯರೇ ತಿರುಗಿಬಿದ್ದರು. ಜುಲೈ ಮೊದಲಲ್ಲಿ ಆ ಭಾಗವನ್ನು ಮಸೂದೆಯಿಂದ ಕೈಬಿಡಬೇಕಾಯಿತು. ಹಣವೇನೋ ಉಳಿಯಿತು. ನಡುವಣ ಮೂರು ತಿಂಗಳ ನಿದ್ದೆಯನ್ನು ಯಾವ ಪಾರ್ಲಿಮೆಂಟು ಹಿಂದಕ್ಕೆ ಕೊಟ್ಟೀತು?

ಇಂಥ ಕಡೆ ತತ್ತ್ವಜ್ಞಾನಿ ಎಪಿಕ್ಟೀಟಸ್ ನೆನಪಾಗುತ್ತಾನೆ. ಅವನು ಗುಲಾಮನಾಗಿದ್ದವನು, ಕುಂಟನೂ ಆಗಿದ್ದನೆಂದು ಹೇಳುತ್ತಾರೆ. ನಮ್ಮ ವಶದಲ್ಲಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿ ನೋಡು ಎಂಬುದು ಅವನ ಉಪದೇಶದ ಸಾರ. ಅವನ ಬಾಯಲ್ಲಿ ಆ ಮಾತಿಗೆ ತೂಕವಿದೆ. ಬೆಂಚಿನ ಮೇಲೆ ಕುಳಿತವರು ಅದನ್ನೇ ಹೇಳಿದರೆ, ಇನ್ನೊಬ್ಬನ ಚಿಂತೆಯಿಂದ ತಾವು ಬೇಗ ಬಿಡಿಸಿಕೊಳ್ಳುವ ಆತುರವೇ ಎದ್ದುಕಾಣುತ್ತದೆ. ಮೇಲಾಗಿ ಆ ವಿಂಗಡಣೆಯಲ್ಲೇ ನನಗೊಂದು ಕೊರತೆ ತೋರುತ್ತದೆ: ಒಬ್ಬನ ವಶದಲ್ಲಿಲ್ಲದ್ದು ಅವನ ನೆರೆಯವನ ವಶದಲ್ಲಿರಬಹುದು. ದರ್ಜಿ ಅಂಗಡಿ ಮುಚ್ಚಿ ನಾಡಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಓದುಬರಹ ಬಲ್ಲ ನೆರೆಯವನು ಹೋದರೆ ಹೋಗುವುದು ಒಂದು ಗಂಟೆ. ಲಿಖಿತ ಆದೇಶ ಬಂದಿದೆಯೇ ಎಂದು ಕೇಳುವುದು, ಪ್ರಮಾಣಪತ್ರದ ಪ್ರತಿ ತೆಗೆಸಿಡುವುದು, ಮರುಪರೀಕ್ಷೆ ಬಂದದ್ದೇ ಆದರೆ ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಜೊತೆಗೆ ಕೂರುವುದು—ಇವು ದೊಡ್ಡ ಉಪಕಾರಗಳೇನಲ್ಲ. ಕಾಲು ತೋರಿಸುವ ಸಂಕೋಚವನ್ನು ಮಾತ್ರ ಯಾರೂ ಪಾಲು ಹಂಚಿಕೊಳ್ಳಲಾರರು. ಬೆಳೆಯದ ಕಾಲು ಮತ್ತೆ ಬೆಳೆದಿದೆಯೇ ಎಂದು ಪರೀಕ್ಷಿಸುವ ಅಗತ್ಯವಾದರೂ ಏನು?

ಸುಳ್ಳು ಫಲಾನುಭವಿಗಳನ್ನು ಹುಡುಕಬಾರದೆಂದು ನಾನು ಹೇಳುತ್ತಿಲ್ಲ. ಅವರು ತಿನ್ನುವುದು ಇಂಥವರ ಪಾಲನ್ನೇ. ಆದರೆ ನಿಯಮ ಬದಲಿಸುವುದಾದರೆ ಯಾವ ದಿನದಿಂದ, ಯಾರಿಗೆ, ಈಗ ಪಡೆಯುತ್ತಿರುವವರ ಗತಿಯೇನು ಎಂಬುದನ್ನು, ಸುದ್ದಿ ಹೊರಬೀಳುವ ದಿನವೇ ತಿಳಿಗನ್ನಡದಲ್ಲಿ ಬರೆದು, ಸಹಿ ಹಾಕಿ, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ.