ಸಮ್ಮಟಿಗೆ ಯಾರ ಮೈಯ ಅಳತೆಗೆ?

ಕಬ್ಬಿಣ ಕಾದಾಗ ಬಡಿ ಅಂತಾರೆ. ಮೇಷ್ಟ್ರು ಮಕ್ಕಳಿಗೆ ಹೇಳ್ತಾರೆ, ವೇದಿಕೆ ಹತ್ತಿದವರು ನಮಗೆ ಹೇಳ್ತಾರೆ. ಯಾರು ಕಾಯಿಸಬೇಕು, ಯಾರು ಬಡಿಯಬೇಕು, ಬಡಿದವನ ಸೊಂಟ ಏನಾಗಬೇಕು ಎಂಬುದನ್ನು ಈ ಗಾದೆ ಹೇಳುವುದಿಲ್ಲ. ಗಾದೆಗೆ ಅದರ ಅಗತ್ಯವೂ ಇಲ್ಲ. ನಮಗಿದೆ. ನ್ಯಾಯ ಅನ್ಯಾಯದ ಮಾತನ್ನು ಶಾಸ್ತ್ರಗಳಲ್ಲಿ ಹುಡುಕುವವರು ಹುಡುಕಲಿ, ನಾವು ಈ ಸಲ ಕುಲುಮೆಗೆ ಹೋಗೋಣ. ಅಡಿಗಲ್ಲು, ಸುತ್ತಿಗೆ, ಸಮ್ಮಟಿಗೆ, ತಿದಿ ಇವನ್ನೆಲ್ಲ ಆರಿಸುವವರು ಯಾರು, ಯಾರ ಮೈಗೆ ತಕ್ಕಂತೆ ಆರಿಸುತ್ತಾರೆ ಎಂದು ಕೇಳೋಣ.

ಅಡಿಗಲ್ಲು ಹೆಸರಿಗಷ್ಟೇ ಕಲ್ಲು, ಇರುವುದು ಕಬ್ಬಿಣ. ಅದರ ಗುಣ ನೋಡಲು ಕೆಲಸ ಬಲ್ಲವರು ಸಣ್ಣ ಸುತ್ತಿಗೆಯನ್ನು ಸಡಿಲ ಹಿಡಿದು ಅದರ ಮೇಲೆ ಬೀಳಬಿಡುತ್ತಾರೆ. ಉಕ್ಕಿನ ಮುಖವಾದರೆ ಸುತ್ತಿಗೆ ಪುಟಿದು ಏಳುತ್ತದೆ. ಬೀಡು ಕಬ್ಬಿಣವಾದರೆ ಬಿದ್ದಲ್ಲೇ ಕೂರುತ್ತದೆ, ಸದ್ದೂ ಮಂಕು. ಒಳಗೆ ಬಿರುಕಿದ್ದರೂ ಸದ್ದು ಮಂಕಾಗುತ್ತದೆ. ಪುಟಿಯುವ ಅಡಿಗಲ್ಲು ಸುತ್ತಿಗೆಯನ್ನು ಅರ್ಧ ದಾರಿ ತಾನೇ ಎತ್ತಿಕೊಡುತ್ತದೆ. ಪುಟಿಯದೇ ಇರೋದು ಆ ಭಾರವನ್ನೆಲ್ಲ ತೋಳಿಗೆ ಹೊರಿಸುತ್ತದೆ. ಸಂಜೆ ತೋಳು ಸೋತಾಗ ಬೈಸಿಕೊಳ್ಳುವವನು ಆಳು, ಅಡಿಗಲ್ಲನ್ನು ಯಾರೂ ಬೈಯುವುದಿಲ್ಲ. ದುಡ್ಡಿಲ್ಲದವರು ಗುಜರಿಯಿಂದ ರೈಲುಕಂಬಿಯ ತುಂಡು ತಂದು ದಿಮ್ಮಿಗೆ ಕೂರಿಸುತ್ತಾರೆ. ಅಡ್ಡ ಮಲಗಿಸಿದರೆ ಏಟಿಗೆ ನಡುಗುತ್ತದೆ. ನೆಟ್ಟಗೆ ಹೂತು ನಿಲ್ಲಿಸಿದರೆ ಏಟಿನ ಕೆಳಗೆ ಅಷ್ಟುದ್ದದ ಕಬ್ಬಿಣ ಸಿಗುತ್ತದೆ. ಇದು ಬಡವರ ಇಂಜಿನಿಯರಿಂಗು, ಯಾವ ಕಾಲೇಜೂ ಇದಕ್ಕೆ ಸರ್ಟಿಫಿಕೇಟು ಕೊಟ್ಟಿಲ್ಲ.

ಸುತ್ತಿಗೆಯ ಮಾತೂ ಹೀಗೇನೆ. ಕೈಸುತ್ತಿಗೆ ಒಂದು, ಒಂದೂವರೆ ಕಿಲೋ ಇದ್ದರೆ ಸಾಕು. ಸಮ್ಮಟಿಗೆ 3 ಕಿಲೋದಿಂದ 6 ಕಿಲೋವರೆಗೂ ಹೋಗುತ್ತದೆ. ಭಾರ ಹೆಚ್ಚಿದಷ್ಟೂ ಕೆಲಸ ಹೆಚ್ಚು ಅನ್ನೋದು ಬಡಿಸುವವನ ಲೆಕ್ಕ. ಬೆಳಗ್ಗೆ ಬಿದ್ದ ಜಾಗಕ್ಕೇ ಸಂಜೆಯೂ ಗುರಿ ತಪ್ಪದೆ ಬೀಳಬೇಕು, ಅಷ್ಟು ಭಾರವೇ ಸರಿಯಾದ ಭಾರ ಅನ್ನೋದು ಬಡಿಯುವವನ ಲೆಕ್ಕ. ಮುಖ ಕೊಂಚ ಉಬ್ಬಿರಬೇಕು, ಅಂಚು ಉಜ್ಜಿರಬೇಕು, ಕಾವಿನ ನಾರು ಉದ್ದಕ್ಕೆ ಓಡಿರಬೇಕು. ಇಕ್ಕಳದ ಬಾಯಿ ಕೆಲಸದ ದಪ್ಪಕ್ಕೆ ಸರಿಯಾಗಿ ಕಚ್ಚದಿದ್ದರೆ ಕೆಂಪಗೆ ಕಾದ ತುಂಡು ಹಾರಿ ಎದುರು ನಿಂತವನ ಕಾಲಿಗೆ ಬೀಳುತ್ತದೆ.

ಎದುರು ನಿಂತವನು ಯಾರು? ಇಲ್ಲಿಂದ ವಿಷಯ ಶುರು.

ನಮ್ಮ ಕಡೆಯ ಹಳೇ ಕುಲುಮೆಯಲ್ಲಿ ಕಮ್ಮಾರ ನೆಲದ ಮೇಲೆ ಕೂತು ಕೆಲಸ ಮಾಡುತ್ತಾನೆ. ಅಡಿಗಲ್ಲು ಅವನ ಮೊಣಕಾಲ ಮಟ್ಟಕ್ಕೆ, ನೆಲಕ್ಕೆ ಅಂಟಿದ ಹಾಗೆ. ಎಡಗೈಲಿ ಇಕ್ಕಳ, ಬಲಗೈಲಿ ಸಣ್ಣ ಸುತ್ತಿಗೆ. ಅವನು ಟಣ್ ಅಂತ ತೋರಿಸಿದ ಜಾಗಕ್ಕೆ ನಿಂತ ಆಳು ಸಮ್ಮಟಿಗೆ ಬೀಸಬೇಕು. ನಿಂತು ಬಡಿಯುವವನಿಗೆ ಅಡಿಗಲ್ಲಿನ ಮುಖ ಇಳಿಬಿಟ್ಟ ಮುಷ್ಟಿಯ ಗೆಣ್ಣಿನ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ತುಸು ಕೆಳಗೆ ಇದ್ದರೆ ಸೊಂಟ ಉಳಿಯುತ್ತದೆ. ಇಲ್ಲಿ ಅದು ಅವನ ಪಾದದ ಹತ್ತಿರ. ಒಂದೊಂದು ಏಟಿಗೂ ಅವನು ಬಾಗಬೇಕು. ಆ ಎತ್ತರವನ್ನು ಕೂತವನ ಮೈ ನೋಡಿ ಇಟ್ಟಿದ್ದಾರೆ, ನಿಂತವನ ಮೈ ಲೆಕ್ಕಕ್ಕೆ ಬಂದಿಲ್ಲ. ಎತ್ತರಿಸಿದರೆ ಕೂತವನು ಏಳಬೇಕಾಗುತ್ತದಲ್ಲ!

ಇನ್ನು ತಿದಿ. ಗಾಳಿಯಿಲ್ಲದೆ ಇದ್ದಿಲು ಉರಿಯದು, ತೊಗಲಿಲ್ಲದೆ ಹಳೇ ತಿದಿಗೆ ಗಾಳಿಯಿಲ್ಲ. ಸತ್ತ ದನ ಹೊತ್ತು, ಸುಲಿದು, ತೊಗಲನ್ನು ಸುಣ್ಣದಲ್ಲಿ ನೆನೆಸಿ, ತಂಗಡಿ ಚಕ್ಕೆಯ ನೀರಲ್ಲಿ ಹದ ಮಾಡಿದ ಕೈ ಮಾದಿಗರ ಕೈ. ಆ ಮೇಲೆ ಅದೇ ಗಾಳಿಯಲ್ಲಿ ಕಾದ ಕುಡಗೋಲನ್ನು ನೀರಿಗೆ ಅದ್ದಿ, ಬಣ್ಣ ನೋಡಿ ಹದ ಹಾಕುವ ಕೈ ಕಮ್ಮಾರರ ಕೈ. ಕನ್ನಡ ಭಾಷೆ ಎರಡಕ್ಕೂ ಹದ ಅಂತಲೇ ಕರೆಯಿತು, ಭೇದ ಮಾಡಲಿಲ್ಲ. ಊರು ಮಾಡಿತು. ತಿದಿಯಾಗಿ ತೊಗಲು ಒಳಗೆ ಹೋಯಿತು, ಹದ ಮಾಡಿದವನು ಹೊರಗೆ ನಿಂತ. ಕುಡಗೋಲು ಕೇಳಿದರೆ ನೆಲದ ಮೇಲೆ ಇಟ್ಟರು, ಇವನು ಎತ್ತಿಕೊಂಡ. ತೊಗಲು ಮೈಲಿಗೆಯಾಗಿದ್ದರೆ ಬೆಂಕಿಯೂ ಮೈಲಿಗೆ ಆಗಬೇಕಿತ್ತು, ಆ ಬೆಂಕಿಯಲ್ಲಿ ಹುಟ್ಟಿದ ಗುಳ, ಗುಳ ಉತ್ತ ಹೊಲ, ಹೊಲ ಬೆಳೆದ ಅನ್ನ ಎಲ್ಲವೂ ಆಗಬೇಕಿತ್ತು. ಬೇಕಾದಲ್ಲಿಗೆ ಮೈಲಿಗೆಯನ್ನು ನಿಲ್ಲಿಸುವ ಜಾಣತನ ಈ ವ್ಯವಸ್ಥೆಗೆ ಮೊದಲಿಂದಲೂ ಗೊತ್ತು.

ಕಮ್ಮಾರನೂ ಬಡವನಲ್ಲವೇ ಎಂದು ಗೆಳೆಯರು ಕೇಳಬಹುದು. ಹೌದು. ಆಯದ ಕಾಳಿಗಾಗಿ ಅವನೂ ಒಡೆಯರ ಕಣದಲ್ಲಿ ಕೈಕಟ್ಟಿ ನಿಂತವನೇ, ವರ್ಷವಿಡೀ ಗುಳ ತಟ್ಟಿಕೊಟ್ಟು ಅವರು ಅಳೆದಷ್ಟನ್ನು ಹೊತ್ತು ಬಂದವನೇ. ಆದರೆ ತನಗಿಂತ ಕೆಳಗೆ ಒಂದು ಮೆಟ್ಟಿಲಿದೆ ಎಂಬ ಸಮಾಧಾನ ಅವನ ಸಿಟ್ಟನ್ನು ನುಂಗಿತು. ಅಂಬೇಡ್ಕರ್ 1936ರಲ್ಲಿ ಜಾತಿ ವಿನಾಶದ ಭಾಷಣವನ್ನು ತಾವೇ ಅಚ್ಚುಹಾಕಿಸಿ ಇದನ್ನು ಬಿಡಿಸಿಟ್ಟರು: ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೂ, ಅದೂ ಮೇಲೆ ಕೆಳಗೆ ಎಂದು, ಅವರವರ ಒಲವನ್ನು ಕೇಳದೆ. 1950ರಿಂದ ಯಾರು ಯಾವ ಕಸುಬನ್ನಾದರೂ ಹಿಡಿಯಬಹುದೆಂದು ಸಂವಿಧಾನದ 19ನೇ ವಿಧಿ ಹೇಳುತ್ತಿದೆ. ತಿದಿಯ ಜಾಗಕ್ಕೆ ಕರೆಂಟಿನ ಬ್ಲೋವರ್ ಬಂತು. ಲಾರಿಯ ಪಟ್ಟಾ ಕುಡಗೋಲಾಯಿತು. ಯಾರ ಮನೆಯ ಹುಡುಗಿ ಕಮ್ಮಾರಿಕೆ ಕಲಿಯಬಹುದು ಎಂದು ಕೇಳಿ ನೋಡಿ, ಉತ್ತರ ಇನ್ನೂ ಹಳೆಯ ಕುಲುಮೆಯಿಂದಲೇ ಬರುತ್ತದೆ.

ಹಾಗಂತ ಹೆಣ್ಣು ಬಡಿದಿಲ್ಲವೇ? ಉತ್ತರ ಕರ್ನಾಟಕದ ರಸ್ತೆ ಬದಿಯಲ್ಲಿ ಬೈಲು ಕಮ್ಮಾರರ, ಘಿಸಾಡಿಗಳ ಬಿಡಾರ ನೋಡಿದವರಿಗೆ ಗೊತ್ತು. ಗಂಡ ಕೂತು ಇಕ್ಕಳ ಹಿಡಿಯುತ್ತಾನೆ, ಹೆಂಡತಿ ನಿಂತು ಸಮ್ಮಟಿಗೆ ಬೀಸುತ್ತಾಳೆ. ಕೂಸು ಪಕ್ಕದ ಜೋಳಿಗೆಯಲ್ಲಿ. ಸುತ್ತಿಗೆ ಹಿಡಿದವನು ಕಮ್ಮಾರ, ಅದರ ಎರಡು ಮೂರು ಪಟ್ಟು ಭಾರ ಎತ್ತುವವಳು ಕಮ್ಮಾರನ ಹೆಂಡತಿ. ಸಮ್ಮಟಿಗೆಯ ಕಾವು ಅವಳ ಹಿಡಿತಕ್ಕೆ ಸರಿಯಿದೆಯೇ ಎಂದು ಕೇಳುವ ಅಂಗಡಿ ನಾವು ಕಂಡಿಲ್ಲ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಪಿಎಂ ವಿಶ್ವಕರ್ಮ ಅಂತ ಒಂದು ಯೋಜನೆ ತಂದಿತು. ಕಮ್ಮಾರಿಕೆಯೂ ಸೇರಿ 18 ಕಸುಬು, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಸಲಕರಣೆಗೆ ದುಡ್ಡು ಬೇಡ ಅನ್ನುವಷ್ಟು ಅನುಕೂಲಸ್ಥರು ನಾವಲ್ಲ. ಆದರೆ ಕುಟುಂಬದ ಸಾಂಪ್ರದಾಯಿಕ ಕಸುಬು ಎಂಬ ಮಾತನ್ನು ಅದರ ಬುಡದಲ್ಲಿಟ್ಟಿದ್ದಾರೆ. ಇದೇ ಕಾರಣಕ್ಕೆ ಈಗಿನ ರೂಪದಲ್ಲಿ ಯೋಜನೆ ಬೇಡವೆಂದು ತಮಿಳುನಾಡು ಸರ್ಕಾರ 2024ರ ನವೆಂಬರಿನಲ್ಲಿ ಹೇಳಿತು. ಅಪ್ಪನ ಸುತ್ತಿಗೆ ಮಗನಿಗೆ ಅನ್ನೋದನ್ನು ಊರು ಹೇಳಿದಾಗ ಅದು ಕಟ್ಟಳೆ, ಸರ್ಕಾರ ಹೇಳಿದಾಗ ಅಭಿವೃದ್ಧಿಯೇ?

ಇನ್ನೊಂದು ನಿಯಮವಿದೆ, ಅದನ್ನು ಹೆಚ್ಚು ಜನ ಗಮನಿಸಿಲ್ಲ. ಕುಟುಂಬಕ್ಕೆ ಒಬ್ಬರಿಗೇ ನೋಂದಣಿ. ಗಂಡ ಹೆಂಡತಿ ಸೇರಿ ಒಂದು ಕುಟುಂಬ. ಅರ್ಜಿ ಮೊದಲು ಪರಿಶೀಲನೆಗೆ ಬರುವುದು ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಗೆ. ಅಲ್ಲಿ ಅರ್ಜಿ ತುಂಬಲು ಕೂರುವ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಆ ಬಿಡಾರದಿಂದ ಗಂಡ ಹೆಂಡತಿ ಬಂದಾಗ ಇಬ್ಬರ ಅಂಗೈಯನ್ನೂ ನೋಡಿ. ಆಮೇಲೆ ಯಾರ ಹೆಸರು ಬರೆಯುತ್ತೀರಿ?